ಉಮಾಶಂಕರ್ ಮೇಷ್ಟ್ರ ಹಲಸಿನ ಗಿಯರು

ಅರಸೀಕೆರೆ ಸ್ಟೇಷನ್ನಿನ ಆಚೆ ಬದಿಗೆ, ಕೊಬ್ಬರಿ ಗೋದಾಮುಗಳ ಸಾಲು ಮುಗಿಯುವಲ್ಲಿ, ತಗಡಿನ ಸೂರಿನ ಒಂದು ಉದ್ದನೆಯ ಶೆಡ್ಡು ಇದೆ. ಮೋಟಾರು ರಿಪೇರಿ ಕಲಿಸುವ ಖಾಸಗಿ ತರಬೇತಿ ಶಾಲೆ ಅದು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಡೀಸೆಲ್ಲಿನ ವಾಸನೆ ಬಡಿಯುತ್ತದೆ. ಆಮೇಲೆ ಕಿಟಕಿ ಪಕ್ಕದ ಗೋಡೆಯ ಮೇಲೆ ಹಲಸಿನ ಮರದ ಒಂದು ಯಂತ್ರ ಕಣ್ಣಿಗೆ ಬೀಳುತ್ತದೆ. ಹೊರಗೆ ದೊಡ್ಡದೊಂದು ಬಳೆ, ಅದರ ಒಳಮೈ ತುಂಬ ಹಲ್ಲು. ನಟ್ಟನಡುವೆ ಒಂದು ಪುಟ್ಟ ಹಲ್ಲಿನ ಚಕ್ರ. ಇವೆರಡರ ಸಂದಿಯಲ್ಲಿ ಒಂದು ತಟ್ಟೆಗೆ ಸಿಕ್ಕಿಸಿದ ಇನ್ನೂ ಮೂರು ಚಕ್ರಗಳು. ಬಳೆಯ ಅಂಚಿನಲ್ಲಿ ನಾಲ್ಕು ಕಡೆ ಖಾಲಿ ಸ್ಕ್ರೂ ತೂತುಗಳಿವೆ.

ಹೊಸದಾಗಿ ಸೇರಿದ ಹುಡುಗರು ಆ ತೂತು ಯಾಕೆ ಎಂದು ಕೇಳೇ ಕೇಳುತ್ತಾರೆ. ಕೇಳಿದಾಗ ಶಾಲೆಯ ಮೇಷ್ಟ್ರು ಉಮಾಶಂಕರನಿಗೆ ಬಹಳ ಖುಷಿಯಾಗುತ್ತಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು, ಕೈ ಒರೆಸಿಕೊಂಡು, ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಈ ಮಾಘದಲ್ಲಿ ಅವನು ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ ಎದ್ದವನು ಎದೆ ಹಿಡಿದಂತಾಗುತ್ತದೆ ಎಂದು ಹೆಂಡತಿ ಶಾಂತಾದೇವಿಗೆ ಹೇಳಿ, ಹೊಸ್ತಿಲ ಮೇಲೆ ಕುಳಿತ. ಮತ್ತೆ ಏಳಲಿಲ್ಲ. ವಯಸ್ಸು ಐವತ್ತೂ ತುಂಬಿರಲಿಲ್ಲ. ಅವನನ್ನು ಬಲ್ಲವರಿಗೆ ಈಗಲೂ ಆ ಶೆಡ್ಡಿನ ಮುಂದೆ ಹಾದುಹೋಗುವಾಗ ಕಾಲು ನಿಧಾನವಾಗುತ್ತದೆ. ಅವನು ಹೇಳುತ್ತಿದ್ದ ಆ ನಾಲ್ಕು ತೂತಿನ ಕಥೆಯನ್ನು ಬೇರೆ ಯಾರಾದರೂ ಹೇಳಲೇಬೇಕು.

ಉಮಾಶಂಕರ್ ಹಾರನಹಳ್ಳಿಯವನು. ತಂದೆ ದ್ಯಾವಯ್ಯ ತಮ್ಮದೆಂಬ ನೆಲವಿಲ್ಲದೆ ಊರಿನ ತೆಂಗಿನ ತೋಟದವರ ಹೊಲಗಳಲ್ಲಿ ಆರು ಹೂಡಿ ಉತ್ತವರು. ಬೇರೆಯವರ ಎತ್ತು, ಬೇರೆಯವರ ನೇಗಿಲು, ಕೈ ಮಾತ್ರ ತಮ್ಮದು. ಕೊನೆಗಾಲದಲ್ಲಿ ದ್ಯಾವಯ್ಯ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಹಾಕಿಸಿ, ಅದರ ಕೆಳಗೆ ತಮ್ಮ ಬಾರುಕೋಲನ್ನು ಒರಗಿಸಿಟ್ಟಿದ್ದರು. ಎರಡನ್ನೂ ತೆಗೆಯಬಾರದೆಂದು ಮಗನಿಗೆ ತಾಕೀತು ಮಾಡಿ ಹೋದರು. ಮಗ ತೆಗೆಯಲಿಲ್ಲ. ಹುಡುಗನಾಗಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪನ ಹಿಂದೆ ಸಾಲು ನಡೆದವನು, ಹೈಸ್ಕೂಲು ಮುಗಿಸಿ ಹಾಸನದಲ್ಲಿ ಮೋಟಾರು ಮೆಕ್ಯಾನಿಕ್ ಕಲಿತ. ಆಮೇಲೆ ಹತ್ತು ವರ್ಷ ಅರಸೀಕೆರೆಯ ಒಂದು ಟ್ರಾಕ್ಟರ್ ವರ್ಕ್‌ಶಾಪಿನಲ್ಲಿ ದುಡಿದು ತರಬೇತಿ ಶಾಲೆಯ ಮೇಷ್ಟ್ರಾದ.

ಮೇಷ್ಟ್ರಾಗಿ ಅವನದು ಒಂದು ವಿಚಿತ್ರ ಪದ್ಧತಿ. ಪ್ರತಿ ವರ್ಷ ಹೊಸ ಹುಡುಗರನ್ನು ಮೊದಲು ಇಂಜಿನ್ನಿನ ಹತ್ತಿರ ಬಿಡುತ್ತಿರಲಿಲ್ಲ. ಬಸ್ಸು ಹತ್ತಿಸಿ ಹಳೇಬೀಡಿಗೆ ಕರೆದೊಯ್ಯುತ್ತಿದ್ದ. ಗೋಡೆಯ ಮೂರ್ತಿಗಳ ಕಡೆ ನೋಡಲು ಬಿಡದೆ ನೇರ ಒಳಗೆ ನಡೆಸಿ, ಕಡೆದು ನುಣುಪಾಗಿಸಿದ ದುಂಡು ಕಂಬಗಳ ಮುಂದೆ ನಿಲ್ಲಿಸುತ್ತಿದ್ದ.

“ದೇವ್ರುನ್ನ ಆಮೇಲೆ ನೋಡ್ರೋ. ಮೊದ್ಲು ಈ ಕಂಬದ ಸುತ್ತ ಉಗುರು ಆಡ್ಸಿ. ಎಲ್ಲಾದ್ರೂ ತಡೀತದಾ? ಕಲ್ಲನ್ನ ತಿರುಗ್ಸಿ ಕಡದವ್ರು ಇವ್ರು. ನಿಮ್ಗೆ ಲೇತಿನ ಮೇಲೆ ಒಂದು ಬುಷ್ ಕಡಿಯಕ್ಕೆ ಬರಲ್ಲ ಅಂದ್ರೆ ನಾನು ನಂಬಲ್ಲ.”

ಹುಡುಗರು ಉಗುರಾಡಿಸಿ ನಗುತ್ತಿದ್ದರು. ವಾಪಸು ಬರುವಾಗ ಎಲ್ಲರಿಗೂ ಎಳನೀರು.

ಆ ಶೆಡ್ಡಿನಲ್ಲಿ ಹನ್ನೆರಡು ವರ್ಷ ಬರೀ ಹುಡುಗರೇ ಇದ್ದರು. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಹಾರನಹಳ್ಳಿಯ ಕಲ್ಲೇಶಪ್ಪನವರ ಮಗಳು ಪುಷ್ಪಲತಾ ಬಂದು ಸೇರಿದಳು. ಕಲ್ಲೇಶಪ್ಪ ತೆಂಗಿನ ತೋಟದವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ದ್ಯಾವಯ್ಯ ಆರು ಹೂಡಿದ್ದು ಇವರ ತಂದೆಯ ಹೊಲದಲ್ಲೇ. ಮಗಳು ಹಟ ಮಾಡಿ, ಊಟ ಬಿಟ್ಟು, ಅಪ್ಪನನ್ನು ಒಪ್ಪಿಸಿ ಬಂದಿದ್ದಳು. ಬಂದ ಮೂರನೇ ವಾರಕ್ಕೇ, ಓಡುತ್ತಿದ್ದ ಜೀಪಿನ ಸದ್ದು ಕೇಳಿ, “ಸಾರ್, ಮುಂದಿನ ಎಡಗಾಲಿ ಬೇರಿಂಗು,” ಎಂದಳು. ಬಿಚ್ಚಿ ನೋಡಿದರೆ ಅದೇ. ಅವತ್ತು ಸಂಜೆ ಉಮಾಶಂಕರ್ ಮನೆಗೆ ಹೋಗಿ, “ಶಾಂತಾ, ನಮ್ ಶೆಡ್ಡಿಗೆ ಕಿವಿ ಬಂತು ಕಣೇ,” ಎಂದು ಎರಡು ಸಲ ಹೇಳಿದನಂತೆ.

ಶ್ರಾವಣದಲ್ಲಿ ಒಂದು ದಿನ ಕಲ್ಲೇಶಪ್ಪ ಹೇಳದೆ ಕೇಳದೆ ಶೆಡ್ಡಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು.

“ಮೇಷ್ಟ್ರೇ, ನಮ್ ಪುಷ್ಪ ಎಲ್ಲಿ?”

“ಇಲ್ಲೇ ಅವ್ಳೆ. ಅಗೋ, ಕಾಲು ಕಾಣ್ತವಲ್ಲ.”

ಟ್ರಾಕ್ಟರಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಒಂದು ಕಾಲುಗೆಜ್ಜೆಯ ಮೇಲೆ ಗ್ರೀಸು. “ಬತ್ತೀನಿ ಅಪ್ಪಾ, ಒಂದ್ ನಟ್ಟು ಐತೆ,” ಎಂದು ಒಳಗಿನಿಂದ ದನಿ ಬಂತು. ಹುಡುಗರು ನಕ್ಕರು. ಕಲ್ಲೇಶಪ್ಪ ನಗಲಿಲ್ಲ. ಉಮಾಶಂಕರನನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದರು.

“ನೋಡಿ ಮೇಷ್ಟ್ರೇ, ನಿಮ್ ಮೇಲೆ ನಂಗೇನೂ ಇಲ್ಲ. ಮೊನ್ನೆ ಒಂದು ಮದ್ವೆಗೆ ಹೋಗಿದ್ದೆ. ‘ಕಲ್ಲೇಶಣ್ಣ, ನಿನ್ ಮಗ್ಳು ಪಂಕ್ಚರ್ ಹಾಕ್ತಾಳಂತೆ, ನನ್ ಸ್ಕೂಟರ್ ತರ್ಲಾ’ ಅಂತ ಪಂಕ್ತೀಲೇ ಅಂದ್ರು. ಅರ್ಧ ಊಟಕ್ಕೇ ಎದ್ದು ಬಂದೆ. ಬೇಲೂರಲ್ಲಿ ನನ್ ತಂಗಿ ರುಕ್ಮಿಣಮ್ಮ ಹೊಲಿಗೆ ಕ್ಲಾಸು ನಡೆಸ್ತಾಳೆ. ಒಂದು ಮಿಷನ್ನು ತೆಗೆದಿಟ್ಟಿದೀನಿ ಅಂದವ್ಳೆ. ಪುಷ್ಪನ್ನ ಅಲ್ಲಿಗೆ ಬಿಡೋದು ಅಂತ ಮಾಡೀವ್ನಿ.”

ಈ ಹುಡುಗಿ ಹೋದರೆ ಆ ಬಾಗಿಲಿಗೆ ಇನ್ನೊಬ್ಬಳು ಹತ್ತು ವರ್ಷ ಬರುವುದಿಲ್ಲ ಎಂಬುದು ಉಮಾಶಂಕರನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

“ಟ್ರಾಕ್ಟರ್ ಅಡಿ ಮಲಗೋದೊಂದೇ ಅಲ್ಲ ಯಜಮಾನ್ರೇ ಈ ಕೆಲ್ಸ. ಮುಂದೆ ಬರೋ ಗಾಡಿಗಳೇ ಬ್ಯಾರೆ. ಪೆಟ್ರೋಲೂ ಕರೆಂಟೂ ಎರಡರಲ್ಲೂ ಓಡ್ತವೆ. ಅದು ಹೆಂಗೆ ಅಂತ ನಾನು ನಿಮ್ಗೆ ಕೈಲಿ ತಿರುಗ್ಸಿ ತೋರಿಸ್ತೀನಿ. ಅಲ್ಲೀಗಂಟ ಅವ್ಳನ್ನ ಇಲ್ಲೇ ಬಿಡಿ.”

ಕಲ್ಲೇಶಪ್ಪ ಬೇವಿನ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಹೊಸಕಿದರು. “ಗೌರಿ ಹಬ್ಬ ಆಗ್ಲಿ. ಆದ್ಮೇಲೆ ಬತ್ತೀನಿ. ನಂಗೆ ಅರ್ಥ ಆಗಂಗೆ ತೋರಿಸ್ಬೇಕು. ಇಲ್ದಿದ್ರೆ ಅವತ್ತೇ ಕರ್ಕೊಂಡೋಯ್ತೀನಿ.”

ಮಾತು ಕೊಟ್ಟದ್ದೇನೋ ಆಯಿತು. ಅಂಥ ಗಾಡಿಯನ್ನು ಉಮಾಶಂಕರ್ ಆವರೆಗೆ ಕಂಡೇ ಇರಲಿಲ್ಲ. ಕಂಡದ್ದು ಚಿತ್ರ ಮಾತ್ರ, ಅದೂ ಗೆಳೆಯ ಶಿವಕುಮಾರ್ ತಂದುಕೊಟ್ಟ ಒಂದು ಪತ್ರಿಕೆಯಲ್ಲಿ. ಶಿವಕುಮಾರ್ ಕೊಬ್ಬರಿ ವ್ಯಾಪಾರದ ಮನೆಯವನು, ಊರಿನ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರು. ಇಬ್ಬರೂ ಹಾರನಹಳ್ಳಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಭಾನುವಾರಗಳಲ್ಲಿ ಶೆಡ್ಡಿನ ಹಿಂದೆ ಕುಳಿತು ವಾದ ಮಾಡುವುದು ಇಬ್ಬರಿಗೂ ಇದ್ದ ಒಂದೇ ಚಟ.

“ಏನ್ಲಾ, ಗಿಯರು ಬದ್ಲಾಯಿಸೋದೇ ಇಲ್ವಂತಲ್ಲ ಇದ್ರಲ್ಲಿ?” ಎಂದು ಉಮಾಶಂಕರ್ ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದ.

“ಇಲ್ಲ ಕಣೋ. ಕ್ಲಚ್ಚೂ ಇಲ್ಲ. ಒಂದು ಇಂಜಿನ್ನು, ಎರಡು ಕರೆಂಟ್ ಮೋಟಾರು. ಮೂರೂ ಬಂದು ಇದೊಂದು ಗಿಯರಿಗೆ ಸೇರ್ತವೆ. ಬ್ರೇಕ್ ಹಾಕ್ದಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬ್ತದೆ. ಸಿಗ್ನಲ್ಲಲ್ಲಿ ನಿಂತ್ರೆ ಇಂಜಿನ್ನು ತಾನೇ ಆಫ್ ಆಗ್ತದೆ.”

“ಈ ಗಿಯರು ನಂಗೊತ್ತು ಬಿಡೋ. ಹತ್ತು ವರ್ಷ ಬಿಚ್ಚಿ ಜೋಡ್ಸೀನಿ.”

ಗೊತ್ತಿದ್ದದ್ದು ನಿಜವೇ. ಹಲವು ಟ್ರಾಕ್ಟರುಗಳಲ್ಲಿ ದೊಡ್ಡ ಗಿಯರ್ ಲಿವರಿನ ಜೊತೆಗೆ ಇನ್ನೊಂದು ಚಿಕ್ಕ ಲಿವರು ಇರುತ್ತದೆ. ಅದನ್ನು ಒಂದು ಕಡೆಗೆ ತಳ್ಳಿದರೆ ಗಾಡಿ ನಿಧಾನವಾಗಿ, ಬಲವಾಗಿ ಎಳೆಯುತ್ತದೆ. ಅದರ ಹಿಂದೆ ಇಂಥದೇ ಗಿಯರು ಅಡಗಿರುತ್ತದೆ. ನಡುವಿನ ಪುಟ್ಟ ಚಕ್ರಕ್ಕೆ ಸೂರ್ಯ ಎಂದು ಹೆಸರು. ಅದರ ಸುತ್ತ ತಟ್ಟೆಗೆ ಸಿಕ್ಕಿಸಿಕೊಂಡು ತಿರುಗುವವು ಗ್ರಹಗಳು. ಹೊರಗಿನದು ಬಳೆ. ಟ್ರಾಕ್ಟರಿನಲ್ಲಿ ಆ ಬಳೆಯನ್ನು ಕವಚಕ್ಕೆ ಅಲ್ಲಾಡದಂತೆ ಬಿಗಿದಿರುತ್ತಾರೆ. ಇಂಜಿನ್ನು ಸೂರ್ಯನನ್ನು ತಿರುಗಿಸುತ್ತದೆ, ಗ್ರಹಗಳು ಬಳೆಯ ಹಲ್ಲನ್ನು ಮೆಟ್ಟಿಕೊಂಡು ಉರುಳುತ್ತವೆ, ಅವುಗಳ ತಟ್ಟೆ ನಿಧಾನವಾಗಿ ಸುತ್ತಿ ಗಾಲಿಗೆ ಬಲ ಕೊಡುತ್ತದೆ. ಬಳೆ ಎಂದರೆ ಬಿಗಿದಿಟ್ಟಿರುವುದು. ಹತ್ತು ವರ್ಷ ಉಮಾಶಂಕರನ ಕೈ ಕಲಿತದ್ದು ಇದನ್ನೇ.

ಅರೇಹಳ್ಳಿ ಕಡೆಯಿಂದ ಹಲಸಿನ ಹಲಗೆ ತರಿಸಿದ. ಪಾಠ ಮುಗಿದ ಮೇಲೆ ದಿನಾ ಹಲ್ಲು ಕೊಯ್ದ. ಶೆಡ್ಡಿನ ತುಂಬ ಹಳದಿ ಪುಡಿ. ಪುಷ್ಪಲತಾ ಒಂದು ಚಕ್ರ ಉಜ್ಜಿದರೆ ಅವನು ಇನ್ನೊಂದು ಉಜ್ಜುತ್ತಿದ್ದ. ಎಲ್ಲ ಮುಗಿದ ಮೇಲೆ ಬಳೆಯನ್ನು ಹಲಗೆಗೆ ಇಟ್ಟು, ನಾಲ್ಕು ಕಡೆ ಸ್ಕ್ರೂ ಹಾಕಿ ಬಿಗಿದ.

“ಸಾರ್, ಚಿತ್ರದಲ್ಲಿ ಬೋಲ್ಟು ಕಾಣ್ಸಲ್ವಲ್ಲ,” ಎಂದಳು ಹುಡುಗಿ.

“ಹಿಂದ್ಗಡೆ ಇರ್ತವೆ ಕಣಮ್ಮ. ಬೋಲ್ಟಿಲ್ದೆ ಬಳೆ ನಿಲ್ತದಾ?”

ಇಂಜಿನ್ನಿಗೆಂದು ಒಂದು ಹಿಡಿ, ಮೋಟಾರಿಗೆಂದು ಇನ್ನೊಂದು ಹಿಡಿ, ಎರಡನ್ನೂ ಸೂರ್ಯನ ಒಂದೇ ಕಡ್ಡಿಗೆ ಹಾಕಿದ. ತಟ್ಟೆಗೆ ಗಾಲಿ. ಭಾನುವಾರ ಶಿವಕುಮಾರ್ ಬಂದು ಒಂದು ಹಿಡಿ ಹಿಡಿದ, ಪುಷ್ಪಲತಾ ಇನ್ನೊಂದು. ಇಬ್ಬರೂ ಜೊತೆಯಲ್ಲಿ ತಿರುಗಿಸಿದಾಗ ಗಾಲಿ ಚೆನ್ನಾಗಿಯೇ ತಿರುಗಿತು. “ಈಗ ನೀನು ನಿಲ್ಸೋ. ಇಂಜಿನ್ ಆಫ್ ಅಂದ್ಕೋ,” ಎಂದ ಉಮಾಶಂಕರ್. ಶಿವಕುಮಾರ್ ಹಿಡಿ ಬಿಗಿಹಿಡಿದು ನಿಂತ. ಪುಷ್ಪಲತಾ ತಿರುಗಿಸಲು ಹೋದರೆ ಅವಳ ಹಿಡಿಯೂ ಅಲ್ಲಾಡದು, ಗಾಲಿಯೂ ಅಲ್ಲಾಡದು. ಅವಳು ಇನ್ನಷ್ಟು ಬಲ ಹಾಕಿದಳು. ಲಟಕ್ಕನೆ ಒಂದು ಗ್ರಹದ ಹಲ್ಲು ಮುರಿದು ಶಿವಕುಮಾರನ ಕನ್ನಡಕಕ್ಕೆ ಬಡಿಯಿತು.

“ಗ್ರಹಚಾರ ಅಂದ್ರೆ ಇದೇ ನೋಡು,” ಎಂದು ಶಿವಕುಮಾರ್ ಕನ್ನಡಕ ಒರೆಸಿಕೊಂಡ. ಉಮಾಶಂಕರನಿಗೆ ಆ ದಿನ ನಗು ಬರಲಿಲ್ಲ.

ಇಂಜಿನ್ನು ನಿಂತರೂ ಗಾಡಿ ಓಡುತ್ತದೆ ಎಂದು ಪತ್ರಿಕೆ ಹೇಳುತ್ತದೆ. ಇಲ್ಲಿ ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ. ಹಾಗಾದರೆ ಮೂರು ಶಕ್ತಿಗಳು ಒಂದೇ ಗಿಯರಿನಲ್ಲಿ ಒಂದನ್ನೊಂದು ತಡೆಯದೆ ಬದುಕುವುದು ಹೇಗೆ? ಅವನು ಊಟದ ತಟ್ಟೆಯ ಮುಂದೆಯೂ ಬೆರಳಿನಲ್ಲಿ ಸುತ್ತು ಬರೆಯುತ್ತ ಕುಳಿತ. ಹಬ್ಬ ಹತ್ತಿರ ಬಂದಿತ್ತು. ಇನ್ನೊಂದಿಷ್ಟು ಕಾಲಾವಕಾಶ ಕೇಳುವುದು ಬಿಟ್ಟು ಬೇರೆ ದಾರಿ ಕಾಣದೆ, ಒಂದು ಬೆಳಗ್ಗೆ ಟೆಂಪೋ ಹತ್ತಿ ಹಾರನಹಳ್ಳಿಗೆ ಹೋದ.

ಕಲ್ಲೇಶಪ್ಪನವರ ಹೆಂಡತಿ ಸುವರ್ಣಮ್ಮ ಬಾಗಿಲಲ್ಲೇ ಇದ್ದರು. “ಬನ್ನಿ ಮೇಷ್ಟ್ರೇ, ಒಳಗ್ ಬನ್ನಿ,” ಎಂದು ನಡುಮನೆಯಲ್ಲಿ ಕೂರಿಸಿ, ಮನೆಯವರೆಲ್ಲ ಕುಡಿಯುವ ಲೋಟದಲ್ಲೇ ಕಾಫಿ ತಂದಿಟ್ಟರು. ಅವನ ಅಪ್ಪ ಒಂದು ಕಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಕೂತು ತೆಂಗಿನ ಚಿಪ್ಪಿನಲ್ಲಿ ಕುಡಿದ ಮನೆ ಅದು. ಉಮಾಶಂಕರ್ ನಿಧಾನವಾಗಿ ಪೂರ್ತಿ ಕುಡಿದ. “ಅವ್ರು ಹೊಲ್ದ ತಾವ ಅವ್ರೆ. ರಾಗಿಗೆ ಕುಂಟೆ ಹಾಕ್ತಾ ಅವ್ರೆ,” ಎಂದರು ಸುವರ್ಣಮ್ಮ.

ಹೊಲದಲ್ಲಿ ಕಲ್ಲೇಶಪ್ಪ ಆಗತಾನೆ ಹೂಡುತ್ತಿದ್ದರು. ಎಡಕ್ಕೆ ಹಳೆಯ ಬಿಳಿ ಎತ್ತು. ಬಲಕ್ಕೆ ಇನ್ನೂ ಪಳಗಬೇಕಾದ ಎಳೆಯ ಹೋರಿ. ಎರಡರ ಕೊರಳ ಮೇಲೂ ನೊಗ ಕೂತಿತ್ತು. ಕುಂಟೆಯ ಉದ್ದನೆಯ ಮರವನ್ನು ನೊಗಕ್ಕೆ ಸೇರಿಸುವ ಚರ್ಮದ ಹಗ್ಗವನ್ನು, ಅಂದರೆ ಮಿಣಿಯನ್ನು, ಅವರು ನೊಗದ ನಡುಮಧ್ಯಕ್ಕೆ ಕಟ್ಟದೆ, ಹಳೆಯ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಕಟ್ಟುತ್ತಿದ್ದರು. ಉಮಾಶಂಕರ್ ಬದುವಿನ ಮೇಲೆ ನಿಂತಲ್ಲೇ ನಿಂತುಬಿಟ್ಟ.

“ಯಜಮಾನ್ರೇ, ಮಿಣಿ ಯಾಕೆ ಸರ್ಸಿದ್ರಿ?”

ಕಲ್ಲೇಶಪ್ಪ ತಲೆ ಎತ್ತಿ ನಕ್ಕರು. “ನೀವು ಕೇಳ್ತೀರಲ್ಲ ಇದ್ನ! ನಂಗೆ ತೋರಿಸ್ಕೊಟ್ಟಿದ್ದೇ ನಿಮ್ಮಪ್ಪ ದ್ಯಾವಯ್ಯ. ಎಳೇ ಹೋರಿಗೆ ಪೂರ್ತಿ ಭಾರ ಕೊಟ್ರೆ ಹೆಗಲು ಬಾತ್ಕೋತದೆ. ಅದ್ರ ಕಡೆ ಮರ ಉದ್ದ ಬಿಡ್ಬೇಕು, ಬಲವಾದ್ದರ ಕಡೆ ಗಿಡ್ಡ. ಆಗ ಹೋರಿ ಪಾಲು ಕಮ್ಮಿ, ಎತ್ತಿನ ಪಾಲು ಜಾಸ್ತಿ. ಎರಡೂ ಕೂಡಿ ಕುಂಟೆ ಹೋಯ್ತದೆ.”

ಅಪ್ಪನ ದನಿ ಅವನ ಕಿವಿಯಲ್ಲಿ ಬಂದಂತಾಯಿತು. ಎಳೆಯದರ ಕಡೆ ಮರ ಉದ್ದ ಬಿಡೋ ಮಗಾ. ಎಷ್ಟು ಬೇಸಿಗೆ ಕೇಳಿದ್ದ ಅದನ್ನು! ಕಲ್ಲೇಶಪ್ಪ ಬಾರುಕೋಲು ಆಡಿಸಿದರು. ಹೋರಿ ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ನುಗ್ಗಿತು. ಹಳೆಯ ಎತ್ತು ನಿಂತಲ್ಲೇ ನಿಂತಿತ್ತು. ನೊಗ ಓರೆಯಾಯಿತು, ಮಿಣಿ ಕಟ್ಟಿದ ಜಾಗ ಸ್ವಲ್ಪವೇ ಮುಂದೆ ಸರಿಯಿತು, ಕುಂಟೆ ಒಂದಿಷ್ಟು ಜರುಗಿತು. ಆಮೇಲೆ ಎತ್ತು ನಡೆಯಿತು, ನೊಗ ನೇರವಾಯಿತು. ಯಾವುದೂ ಮುರಿಯಲಿಲ್ಲ. ನೊಗವನ್ನು ಯಾರೂ ಎಲ್ಲಿಗೂ ಮೊಳೆ ಹೊಡೆದು ನಿಲ್ಲಿಸಿರಲಿಲ್ಲ.

“ಅಯ್ಯೋ ನನ್ ಸ್ಕ್ರೂವೇ!” ಎಂದು ಉಮಾಶಂಕರ್ ಜೋರಾಗಿ ಕೂಗಿದ. ಹೋರಿ ಬೆದರಿ ಸಾಲು ಬಿಟ್ಟು ಪಕ್ಕಕ್ಕೆ ಹಾರಿತು.

“ಏನಾಯ್ತ್ರೀ ಮೇಷ್ಟ್ರೇ? ಇರುವೆ ಕಚ್ತಾ?”

“ಹಬ್ಬ ಆದ್ಮೇಲೆ ಬರುವಾಗ ಹಳೇ ನೊಗ ಒಂದಿದ್ರೆ ತನ್ನಿ ಯಜಮಾನ್ರೇ, ಮಿಣಿ ಸಮೇತ.” ಅಷ್ಟು ಹೇಳಿ ಅವನು ಆಗಲೇ ಬದುವಿನ ಮೇಲೆ ಓಡುತ್ತಿದ್ದ.

“ಬಂದಿದ್ದು ಯಾಕೆ ಅಂತ ಹೇಳ್ಲೇ ಇಲ್ವಲ್ಲ!”

“ಟೈಮ್ ಕೇಳಾಕೆ ಬಂದಿದ್ದೆ. ಈಗ ಬ್ಯಾಡ!”

ಶೆಡ್ಡಿಗೆ ಬಂದವನೇ ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕು ಸ್ಕ್ರೂಗಳನ್ನೂ ಬಿಚ್ಚಿದ. ಬಳೆ ಸಡಿಲವಾಗಿ ಅವನ ಕೈಗೆ ಬಂತು. ಆಮೇಲಿನ ಕೆಲಸವೆಲ್ಲ ಜಾಗ ಬದಲಿಸುವುದಷ್ಟೇ. ಇಂಜಿನ್ನಿನ ಹಿಡಿಯನ್ನು ಗ್ರಹಗಳ ತಟ್ಟೆಗೆ ಹಾಕಿದರು. ಬಳೆಗೆ ಗಾಲಿಯನ್ನೂ ಮೋಟಾರಿನ ಹಿಡಿಯನ್ನೂ ಸೇರಿಸಿದರು. ಸೂರ್ಯನಿಗೆ ಒಂದು ಸಣ್ಣ ಹಿಡಿ, ಅದರ ಜೊತೆಗೆ ಎರಡನೇ ಮೋಟಾರೆಂದು ಸೈಕಲ್ಲಿನ ಡೈನಮೋ ಮತ್ತು ಬಲ್ಬು. ಮುರಿದ ಗ್ರಹವನ್ನು ಪುಷ್ಪಲತಾ ಹೊಸದಾಗಿ ಕೊಯ್ದಳು. ಈ ಸಲ ತಾನೊಬ್ಬಳೇ ಕೊಯ್ಯುತ್ತೇನೆಂದಳು. ಅವನು ಸುಮ್ಮನೆ ಪಕ್ಕದಲ್ಲಿ ಕೂತಿದ್ದ.

ಹಬ್ಬ ಕಳೆದ ವಾರ ಕಲ್ಲೇಶಪ್ಪ ಬಸ್ಸಿನ ಟಾಪಿನ ಮೇಲೆ ನೊಗ ಹಾಕಿಸಿಕೊಂಡು ಬಂದಿಳಿದರು. ಅದನ್ನು ಹೆಗಲ ಮೇಲೆ ಹೊತ್ತು ಗೋದಾಮುಗಳ ಸಾಲು ದಾಟಿ ಬರುವಾಗ ಕೊಬ್ಬರಿ ಸುಲಿಯುವವರು, “ಯಜಮಾನ್ರೇ, ಇನ್ನೊಂದು ಎತ್ತು ಎಲ್ಲಿ?” ಎಂದು ಕೇಳಿದರಂತೆ. ಆ ಸಿಟ್ಟು ಮುಖದ ಮೇಲೆ ಇನ್ನೂ ಇತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈಯೆರಡನ್ನೂ ಹಿಂದೆ ಕಟ್ಟಿಕೊಂಡು. ಅವಳ ಬಟ್ಟೆ ತುಂಬಿದ ಚೀಲವೊಂದನ್ನು ಸುವರ್ಣಮ್ಮ ಆಗಲೇ ಕಟ್ಟಿಟ್ಟಿದ್ದಾರೆಂಬುದು ಅವಳಿಗೆ ಗೊತ್ತಿತ್ತು.

ಉಮಾಶಂಕರ್ ಭಾಷಣ ಮಾಡಲಿಲ್ಲ. ಸೂರ್ಯನ ಹಿಡಿಗೆ ಶಿವಕುಮಾರನನ್ನು ನಿಲ್ಲಿಸಿ, ಕಲ್ಲೇಶಪ್ಪನವರ ಕೈಯನ್ನು ಬಳೆಯ ಮೇಲಿಟ್ಟ.

“ನೀವು ಗಾಲಿ. ಗಾಡಿ ನಿಂತೈತೆ ಅನ್ಕೊಳ್ಳಿ. ಅಲ್ಲಾಡ್ಬೇಡಿ. ಶಿವು, ನೀನು ಸೂರ್ಯನ ಹಿಡಿ ಬಿಡೋ. ಪುಷ್ಪಾ, ಇಂಜಿನ್ನು ತಿರುಗ್ಸಮ್ಮ.”

ಅವಳು ತಟ್ಟೆಯ ಹಿಡಿ ತಿರುಗಿಸಿದಳು. ಬಳೆ ಕಲ್ಲೇಶಪ್ಪನವರ ಕೈಯಲ್ಲಿ ಅಲ್ಲಾಡದೆ ನಿಂತಿತ್ತು. ನಡುವಿನ ಸೂರ್ಯ ಮಾತ್ರ ಗಿರಗಿರನೆ ಸುತ್ತಿತು. ಬಲ್ಬು ಹತ್ತಿತು.

“ಗಾಡಿ ನಿಂತಿದ್ರೂ ಇಂಜಿನ್ನು ತಿರುಗ್ತಾ ಐತೆ ನೋಡಿ. ಕ್ಲಚ್ಚಿಲ್ಲ. ಅದ್ರ ದುಡಿಮೆ ಎಲ್ಲ ಸೂರ್ಯನ ಕಡೆ ಹೋಗಿ ಕರೆಂಟಾಗಿ ಬ್ಯಾಟರಿ ಸೇರ್ತೈತೆ. ಈಗ ಪುಷ್ಪಾ, ನೀನು ನಿಲ್ಸು. ಬಿಗಿಯಾಗಿ ಹಿಡ್ಕೋ. ಯಜಮಾನ್ರೇ, ಈಗ ನೀವು ಗಾಲಿ ತಿರುಗ್ಸಿ.”

ಕಲ್ಲೇಶಪ್ಪ ಅನುಮಾನದಿಂದಲೇ ಬಳೆ ತಿರುಗಿಸಿದರು. ತಡೆಯೇ ಇಲ್ಲದೆ ಅದು ಸುತ್ತಿತು. ಸೂರ್ಯ ಈಗ ಹಿಮ್ಮುಖವಾಗಿ ಓಡುತ್ತಿತ್ತು.

“ಉಲ್ಟಾ ಹೋಯ್ತಲ್ಲ!”

“ಹೂಂ. ಇಂಜಿನ್ನು ಮಲಗೈತೆ, ಕರೆಂಟ್ ಮೋಟಾರು ಗಾಡಿ ಎಳೀತೈತೆ. ಸೂರ್ಯ ಹಿಂದಕ್ಕೆ ಸರ್ದು ಜಾಗ ಬಿಡ್ತಾನೆ. ನೊಗದ ನಡುವು ಅಲ್ಲಾಡ್ದಂಗೆ ಹಿಡ್ದು ಒಂದು ತುದಿ ಮುಂದಕ್ ತಳ್ಳುದ್ರೆ ಇನ್ನೊಂದು ತುದಿ ಏನಾಯ್ತದೆ?”

“ಹಿಂದಕ್ ಬತ್ತದೆ,” ಎಂದರು ಕಲ್ಲೇಶಪ್ಪ. ತಾವು ತಂದ ನೊಗದ ಕಡೆ ನೋಡಿದರು, ಬಳೆಯ ಕಡೆ ನೋಡಿದರು.

“ಮಿಣಿ ಕಟ್ಟೋ ಜಾಗದಲ್ಲಿ ಇಂಜಿನ್ನು,” ಎಂದ ಉಮಾಶಂಕರ್. “ಒಂದು ತುದೀಲಿ ಬಳೆ, ಇನ್ನೊಂದು ತುದೀಲಿ ಸೂರ್ಯ. ನಿಮ್ಮಲ್ಲಿ ಎತ್ತುಗಳು ಎಳೀತವೆ, ಇಲ್ಲಿ ಇಂಜಿನ್ನು ತಳ್ತದೆ, ಮರ ಒಂದೇ. ಹಲ್ಲು ಎಷ್ಟೆಷ್ಟು ಕೊಯ್ದಿದೀವೋ ಅದ್ರ ಮೇಲೆ ಪಾಲು. ಒಂದ್ಸಲ ಕಟ್ಟಿದ್ ಮಿಣಿ ದಾರೀಲಿ ಜಾರಲ್ಲ. ಇಂಜಿನ್ ಬಲದಲ್ಲಿ ದೊಡ್ಡ ಪಾಲು ಯಾವಾಗ್ಲೂ ಬಳೆಗೆ, ಸಣ್ಣ ಪಾಲು ಸೂರ್ಯನಿಗೆ. ಯಾರು ಓಡಿದ್ರು, ಯಾರು ನಿಂತ್ರು ಅನ್ನೋದು ಮಾತ್ರ ಗಳಿಗೆಗೊಂದು ಥರ.”

“ಅಂದ್ರೆ ಇದ್ರಲ್ಲಿ ಎಳೇ ಹೋರಿ…”

“ಸೂರ್ಯ.”

“ಎಲಾ ಇವ್ನ! ಸೂರ್ಯಪ್ಪನ್ನೇ ಎಳೇ ಹೋರಿ ಮಾಡ್ಬಿಟ್ರಲ್ಲ ಮೇಷ್ಟ್ರೇ!” ಕಲ್ಲೇಶಪ್ಪನವರ ಹೊಟ್ಟೆಯಿಂದ ನಗು ಬಂತು. ಶೆಡ್ಡಿನ ಹುಡುಗರೆಲ್ಲ ನಕ್ಕರು. ಪುಷ್ಪಲತಾ ಒಬ್ಬಳು ನಗದೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಅವರು ಮತ್ತೆ ತಿರುಗಿಸಿದರು. ಈ ಸಲ ಮೂವರೂ ಒಟ್ಟಿಗೆ. ಶಿವಕುಮಾರ್ ಸೂರ್ಯನನ್ನು ತಡೆದಷ್ಟೂ ಬಳೆ ತಮ್ಮ ಕೈಯಲ್ಲಿ ಚುರುಕಾಗಿ ಓಡುವುದನ್ನು ಕಲ್ಲೇಶಪ್ಪ ಕಂಡರು. ಬಿಟ್ಟರೆ ಬಳೆ ನಿಧಾನ. ಗಿಯರು ಬದಲಿಸದೆ ವೇಗ ಬದಲಾ­ಗುವುದು ಹೀಗೆ ಎಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ಬಹಳ ಹೊತ್ತು ಆಡಿಸಿದ ಮೇಲೆ ಒಂದು ಗ್ರಹದ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು, ಹಳೇಬೀಡಿನಲ್ಲಿ ಹುಡುಗರು ಕಂಬದ ಮೇಲೆ ಆಡಿಸುವಂತೆ.

“ಇದ್ನ ಕೊಯ್ದೋರು ಯಾರು?”

“ನಾನೇ ಅಪ್ಪ. ಮೇಷ್ಟ್ರು ಕೊಯ್ದಿದ್ದು ಮುರ್ದೋಯ್ತು.”

“ನೀನೇ ಮುರ್ದಿದ್ದು ಅನ್ನಮ್ಮ,” ಎಂದ ಶಿವಕುಮಾರ್. “ನನ್ ಕಣ್ಣು ಸ್ವಲ್ಪದ್ರಲ್ಲಿ ಉಳೀತು.”

“ಇಂಥ ಗಾಡಿ ಈ ಕಡೆ ಬಂದ್ರೆ ಬಿಚ್ಚಿ ನೋಡೋರು ಯಾರವ್ರೆ ಮೇಷ್ಟ್ರೇ?”

“ಇವತ್ತಿಗೆ ಯಾರೂ ಇಲ್ಲ. ನಾನೂ ಚಿತ್ರ ನೋಡಿರೋನೇ.”

ಕಲ್ಲೇಶಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ರುಕ್ಮಿಣಿಗೆ ಫೋನ್ ಮಾಡ್ಬೇಕು. ಆ ಮಿಷನ್ನು ಬ್ಯಾರೆ ಯಾರ್ಗಾನಾ ಕೊಡು ಅಂತೀನಿ.” ಬಾಗಿಲವರೆಗೆ ಹೋಗಿ ತಿರುಗಿ ನಿಂತರು. “ನೊಗ ಇಲ್ಲೇ ಇರ್ಲಿ. ಮತ್ತೆ ಹೊತ್ಕೊಂಡು ಆ ಕೊಬ್ರಿಯವ್ರ ಮುಂದೆ ನಾನಂತೂ ಹೋಗಲ್ಲ.”

ಪುಷ್ಪಲತಾ ಶೆಡ್ಡಿನ ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದಳು. ಉಮಾಶಂಕರ್ ಅವಳಿಗೆ ಅರ್ಧ ಬಿಚ್ಚಿಟ್ಟಿದ್ದ ಟ್ರಾಕ್ಟರಿನ ಕಡೆ ಕೈ ತೋರಿಸಿದ. ಅವಳು ಸ್ಪ್ಯಾನರು ತೆಗೆದುಕೊಂಡು ಕೆಳಗೆ ನುಸುಳಿದಳು. ಆ ಬಳೆಯ ತೂತುಗಳನ್ನು ಮರದ ಪುಡಿ, ಗೋಂದು ಕಲಸಿ ಮುಚ್ಚಿಬಿಡಲೇ ಎಂದು ಹುಡುಗರು ಕೇಳಿದಾಗ, “ಮುಚ್ಬೇಡ್ರೋ. ನನ್ ಕೈಗೆ ಟ್ರಾಕ್ಟರ್ ಅಭ್ಯಾಸ ಎಷ್ಟು ಅಂಟಿತ್ತು ಅನ್ನಕ್ಕೆ ಗುರ್ತು ಇರ್ಲಿ,” ಎಂದನಂತೆ.

ಮರು ವರ್ಷ ಇನ್ನಿಬ್ಬರು ಹುಡುಗಿಯರು ಸೇರಿದರು, ಒಬ್ಬಳು ಗೆಂಡೆಹಳ್ಳಿಯಿಂದ. ಪುಷ್ಪಲತಾ ತರಬೇತಿ ಮುಗಿಸಿ ಹಾಸನದಲ್ಲಿ ಕೆಲಸ ಮಾಡಿ, ಮತ್ತೆ ಇದೇ ಶೆಡ್ಡಿಗೆ ಕಿರಿಯ ಶಿಕ್ಷಕಿಯಾಗಿ ಬಂದಳು. ಮದುವೆ ಮನೆಗಳಲ್ಲಿ ಕಲ್ಲೇಶಪ್ಪನವರನ್ನು ಈಗ ಯಾರೂ ಪಂಕ್ಚರಿನ ಮಾತೆತ್ತಿ ಕೆಣಕುವುದಿಲ್ಲ. ಕೆಣಕಿದರೆ ಅವರು ಪಂಕ್ತಿಯಲ್ಲೇ ಎಲೆಯ ಮೇಲೆ ಲೋಟ, ನಿಂಬೆಹಣ್ಣು, ಉಂಡೆಗಳನ್ನು ಜೋಡಿಸಿ ಗಿಯರು ವಿವರಿಸಲು ಶುರು ಮಾಡುತ್ತಾರೆ ಎಂಬ ಭಯ.

ನಿಜವಾದ ಅಂಥ ಕಾರನ್ನು ಉಮಾಶಂಕರ್ ಒಂದೇ ಸಲ ಕಂಡ, ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ. ಹೊಸ ಹುಡುಗರೊಂದಿಗೆ ಹಳೇಬೀಡಿಗೆ ಹೋಗಿದ್ದಾಗ, ಯಾರೋ ಹೊರದೇಶದಿಂದ ತರಿಸಿಕೊಂಡ ಕಾರೊಂದು ದೇವಸ್ಥಾನದ ಮುಂದೆ ನಿಂತಿತ್ತು. ಬಾನೆಟ್ಟು ಒಂದು ಗಳಿಗೆ ಎತ್ತುವಿರಾ ಎಂದು ಡ್ರೈವರನ್ನು ಕೇಳಿದ. “ಸಾಹೇಬ್ರು ಬೈತಾರೆ ಸಾರ್,” ಎಂದ ಅವನು. ಬಲವಂತ ಮಾಡಲಿಲ್ಲ. ಕಾರು ಹೊರಡುವವರೆಗೂ ಬಿಸಿಲಿನಲ್ಲಿ ಕಾದು ನಿಂತ. ಇಂಜಿನ್ನಿನ ಸದ್ದೇ ಇಲ್ಲದೆ ಗಾಲಿ ಉರುಳಿತು. ಎಳನೀರಿನವನು ಬೆಚ್ಚಿ ಪಕ್ಕಕ್ಕೆ ಸರಿದ. ಉಮಾಶಂಕರ್ ಮಾತ್ರ ಕಣ್ಣು ಮುಚ್ಚಿ, ಬೆರಳನ್ನು ಗಾಳಿಯಲ್ಲಿ ಹಿಮ್ಮುಖವಾಗಿ ಸುತ್ತುತ್ತಿದ್ದ.

“ಈಗ ಸೂರ್ಯ ಹಿಂದಕ್ ಓಡ್ತಾ ಅವ್ನೆ ಕಣ್ರೋ,” ಎಂದ ಹುಡುಗರಿಗೆ. ಅಷ್ಟೇ ಸಾಕಾಗಿತ್ತು ಅವನಿಗೆ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಸಣ್ಣಗೆ ಗುನುಗುತ್ತಿದ್ದನಂತೆ.

ಅವನ ಹನ್ನೊಂದನೇ ದಿನದ ಕೆಲಸ ಮುಗಿದ ಮಾರನೆಯ ಸೋಮವಾರ ಶೆಡ್ಡು ತೆರೆಯಿತು. ಪುಷ್ಪಲತಾ ಹಾಜರಿ ಕರೆಯಲು ಎದ್ದು ನಿಂತಾಗ ಹಿಂದಿನ ಬೆಂಚಿನ ಹೊಸ ಹುಡುಗಿಯೊಬ್ಬಳು ಗೋಡೆಯ ಕಡೆ ನೋಡುತ್ತ ಕೇಳಿದಳು. “ಮಿಸ್, ಆ ಬಳೇಲಿ ನಾಲ್ಕು ತೂತು ಯಾಕೆ?”

ಪುಷ್ಪಲತಾ ಹಾಜರಿ ಪುಸ್ತಕ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಅವನ ಸ್ಟೂಲನ್ನು ಎಳೆದು ಹತ್ತಿ, ಗಿಯರಿನ ಕೆಳಗೆ ತೂಗುಹಾಕಿದ್ದ ನೊಗವನ್ನು ಇಳಿಸಿದಳು. ಇಬ್ಬರನ್ನು ಕರೆದು ಎರಡು ತುದಿ ಹಿಡಿಸಿದಳು. ಆಮೇಲೆ ಮಿಣಿಯನ್ನು ನೊಗದ ನಡುವಿನಿಂದ ನಾಲ್ಕು ಬೆರಳು ಸರಿಸಿ ಕಟ್ಟತೊಡಗಿದಳು.